ಮುಂಗಡ ಕೊಡುವ ಮುನ್ನ ಒಂದು ಹಾಳೆ

(ಮದುವೆಯ ಛತ್ರ, ಅಡುಗೆ, ಚಪ್ಪರಗಳ ಕರಾರಿನ ಬಗ್ಗೆ ಸದಸ್ಯರಲ್ಲಿ ಕೆಲವು ಮಾತು)



ಅಡಿಕೆಯನ್ನು ಚೇಣಿಗೆ ಕೊಡುವಾಗ ನಮ್ಮಲ್ಲಿ ಯಾರೂ ಬರಿಯ ಬಾಯಿಮಾತಿಗೆ ನಿಲ್ಲುವುದಿಲ್ಲ. ಕ್ವಿಂಟಾಲ್ ಹಸಿ ಅಡಿಕೆಗೆ ಎಷ್ಟು ಕಿಲೋ ಒಣ ಅಡಿಕೆ, ತೂಕ ಯಾರ ಕಣದಲ್ಲಿ, ಕೊಯ್ಲಿನ ಕೂಲಿ ಯಾರದು, ಹಣ ಎಷ್ಟು ಕಂತಿನಲ್ಲಿ ಎಂದು ಒಂದೊಂದನ್ನೂ ಕೇಳಿ ತಿಳಿಯುತ್ತೇವೆ. ಕಾಫಿಯನ್ನು ವ್ಯಾಪಾರಿಗೆ ಹಾಕುವಾಗ ತೇವಾಂಶ ಎಷ್ಟು, ಔಟ್‌ಟರ್ನ್ ಎಷ್ಟು ಎಂದು ಅರ್ಧ ಅಂಶಕ್ಕೂ ವಾದ ಹೂಡುತ್ತೇವೆ. ಅದೇ ನಾವು, ಅದೇ ಫಸಲಿನ ಹಣವನ್ನು ಜೇಬಿನಲ್ಲಿಟ್ಟುಕೊಂಡು ಹೆಬ್ಬೆ, ಲಿಂಗದಹಳ್ಳಿಗಳ ಕಡೆಯಿಂದ ತರೀಕೆರೆಗೋ ಬೀರೂರಿಗೋ ಕಡೂರಿಗೋ ಇಳಿದು ಮಗಳ ಮದುವೆಗೆ ಛತ್ರ ಗೊತ್ತುಮಾಡುವಾಗ ಒಂದು ಪ್ರಶ್ನೆಯನ್ನೂ ಕೇಳದೆ ಮುಂಗಡ ಎಣಿಸಿ ಬರುತ್ತೇವೆ. ಶುಭಕಾರ್ಯದಲ್ಲಿ ಚೌಕಾಸಿ ಏಕೆ ಎಂಬ ಸಂಕೋಚ. ಆ ಸಂಕೋಚದ ಬೆಲೆ ಎಷ್ಟೆಂಬುದನ್ನು ನಾನೂ ತೆತ್ತು ತಿಳಿದವನು.

ನನ್ನ ಮಗಳ ಮದುವೆ ಗೊತ್ತಾಗಿದ್ದುದು 2020ರ ಮೇ ತಿಂಗಳಿಗೆ. ಹಿಂದಿನ ಡಿಸೆಂಬರಿನಲ್ಲೇ ಒಂದು ಛತ್ರಕ್ಕೆ ಮುಂಗಡ ಕೊಟ್ಟಿದ್ದೆ. ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಲಾಕ್‌ಡೌನ್ ಆಯಿತು. ಮೇ ತಿಂಗಳಲ್ಲಿ ಮದುವೆಗೆ 50 ಜನರಿಗೆ ಮಾತ್ರ ಅವಕಾಶವಿತ್ತು. ಬಂಧುಬಳಗವನ್ನೆಲ್ಲ ಕರೆಯುವ ಆಸೆ ಬಿಟ್ಟು, ಕಾಫಿ ಕಣದಲ್ಲೇ ಚಪ್ಪರ ಹಾಕಿಸಿ ಧಾರೆ ಎರೆದುಕೊಟ್ಟೆವು. ಅದರಲ್ಲಿ ಕೊರತೆಯೇನೂ ಆಗಲಿಲ್ಲ. ಆದರೆ ಛತ್ರದ ಮುಂಗಡ ಕೇಳಲು ಹೋದಾಗ ಮಾಲೀಕರು ರಸೀದಿಯನ್ನು ತಿರುಗಿಸಿ ತೋರಿಸಿದರು. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ‘ಮುಂಗಡ ಹಣವನ್ನು ಯಾವ ಕಾರಣಕ್ಕೂ ಹಿಂದಿರುಗಿಸಲಾಗುವುದಿಲ್ಲ’ ಎಂದು ಅಚ್ಚಾಗಿತ್ತು. ಸಂಘದ ಸಾಲಪತ್ರಗಳನ್ನು ದಿನವೂ ಓದುವ ನಾನು, ಪದವಿ ಪಡೆದವನು, ನನ್ನ ಕೈಯಲ್ಲಿದ್ದ ರಸೀದಿಯ ಹಿಂಬದಿಯನ್ನು ಓದಿರಲಿಲ್ಲ. ಆ ವರ್ಷ ತೋಟದ ಗೊಬ್ಬರಕ್ಕೆಂದು ನೆಚ್ಚಿಕೊಂಡಿದ್ದ ಹಣ ಅದು. ಹಲವು ತಿಂಗಳು ಓಡಾಡಿದ ಮೇಲೆ ಅರ್ಧ ಬಂತು, ಅದೂ ಎರಡು ಕಂತಿನಲ್ಲಿ. ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ.

ಛತ್ರದವರು ಮೋಸಗಾರರೆಂದು ನಾನು ಹೇಳುತ್ತಿಲ್ಲ. ಅವರಿಗೂ ಕಾವಲುಗಾರನ ಸಂಬಳ, ಬ್ಯಾಂಕಿನ ಕಂತು ತಪ್ಪಿರಲಿಲ್ಲ. ಮದುವೆ ನಿಂತುಹೋದರೆ ಏನು ಮಾಡುವುದೆಂದು ನಾವಿಬ್ಬರೂ ಮೊದಲೇ ಮಾತಾಡಿರಲಿಲ್ಲ. ತಪ್ಪು ಇದ್ದದ್ದು ಅಲ್ಲಿ.

ನಮ್ಮ ಬಲ ಇರುವುದು ಎಲ್ಲಿಯವರೆಗೆ?

ಮುಂಗಡ ಕೊಡುವ ತನಕ ಮಾತ್ರ. ಅಲ್ಲಿಯವರೆಗೆ ಛತ್ರದವರು, ಅಡುಗೆಯವರು, ಷಾಮಿಯಾನದವರು ನಮ್ಮ ಮಾತು ಕೇಳುತ್ತಾರೆ. ಮುಂಗಡ ಕೊಟ್ಟು ಲಗ್ನಪತ್ರಿಕೆ ಅಚ್ಚಾಗಿ ಊರೂರಿಗೆ ಹಂಚಿದ ಮೇಲೆ ನಾವು ಅವರ ಮಾತು ಕೇಳಬೇಕು. ಆದುದರಿಂದ ಏನೇನು ಕೇಳಬೇಕೋ ಅದನ್ನೆಲ್ಲ ಮೊದಲೇ ಕೇಳಿ, ಒಂದು ಹಾಳೆಯಲ್ಲಿ ಬರೆದು, ಇಬ್ಬರೂ ರುಜು ಹಾಕಿ, ಆಮೇಲೆ ಹಣ ಎಣಿಸಬೇಕು. ಬಾಯಿಮಾತಿನ ಕರಾರೂ 1872ರ ಭಾರತೀಯ ಕರಾರು ಕಾಯಿದೆಯ ಪ್ರಕಾರ ಕರಾರೇ. ಆದರೆ ಏನು ಮಾತಾಡಿದೆವು ಎಂಬುದನ್ನು ರುಜುವಾತು ಮಾಡುವುದು ಕಷ್ಟ. ಬರೆಯಲು ಸಮಯವಿಲ್ಲದಿದ್ದರೆ ಮಾತಾಡಿದ್ದನ್ನು ಅಂದೇ ಫೋನಿನಲ್ಲಿ ಬರೆದು ಕಳಿಸಿ, ‘ಸರಿ’ ಎಂಬ ಉತ್ತರ ತರಿಸಿ ಇಟ್ಟುಕೊಳ್ಳಿ.

ಛತ್ರ

‘ಒಂದು ದಿನದ ಬಾಡಿಗೆ’ ಎಂದರೆ ಯಾವ ಗಂಟೆಯಿಂದ ಯಾವ ಗಂಟೆಗೆ? ಹಿಂದಿನ ಸಂಜೆ ವರಪೂಜೆಗೆ ಬಾಗಿಲು ತೆರೆಯುವುದು ಎಷ್ಟು ಹೊತ್ತಿಗೆ, ಮಾರನೆಯ ದಿನ ಊಟ ಮುಗಿದು ಸಾಮಾನು ತೆಗೆಯಲು ಎಷ್ಟು ಸಮಯ, ಮೀರಿದರೆ ಗಂಟೆಗೆ ಎಷ್ಟು? ಕೊಠಡಿಗಳೆಷ್ಟು? ವಿದ್ಯುತ್ ಬಾಡಿಗೆಯಲ್ಲಿ ಸೇರಿದೆಯೋ, ಮೀಟರ್ ನೋಡಿ ಬೇರೆ ಕೊಡಬೇಕೋ? ಬೇರೆ ಎಂದಾದರೆ ಒಳಗೆ ಹೋಗುವಾಗ ಮತ್ತು ಹೊರಡುವಾಗ ಮೀಟರ್ ಅಂಕಿಯನ್ನು ಇಬ್ಬರೂ ನೋಡಿ ಬರೆದುಕೊಳ್ಳಬೇಕು. ಜನರೇಟರಿಗೆ ಡೀಸೆಲ್ ಯಾರದು? ಪಾತ್ರೆ, ನೀರು, ಸ್ವಚ್ಛತೆ, ಎಂಜಲೆಲೆ ಸಾಗಿಸುವ ಖರ್ಚು ಯಾರದು? ನಮ್ಮ ಅಡುಗೆಯವರನ್ನೂ ಹೂವಿನವರನ್ನೂ ಒಳಗೆ ಬಿಡುತ್ತಾರೋ, ಅಥವಾ ಅವರು ಹೇಳಿದವರನ್ನೇ ಕರೆಯಬೇಕೋ? ಹೇಳಿದ ಮೊತ್ತ ಜಿ.ಎಸ್.ಟಿ. ಸೇರಿಸಿಯೋ ಸೇರಿಸದೆಯೋ? ಈ ಕೊನೆಯ ಪ್ರಶ್ನೆಯನ್ನು ಮರೆತವರು ಬಿಲ್ಲು ಬಂದಾಗ ನೆನೆಯುತ್ತಾರೆ.

ಅಡುಗೆ

“ಭಟ್ಟರೇ, ಎಲೆಗೆ ಎಷ್ಟು?” ಎಂದರೆ, “ನಿಮಗೆ ಹೆಚ್ಚು ಹೇಳ್ತೀನಾ ಯಜಮಾನ್ರೇ, ಮೊದಲು ಕೆಲಸ ನೋಡಿ” ಎನ್ನುತ್ತಾರೆ. ಕೇಳಲು ಹಿತವಾಗಿರುತ್ತದೆ, ಆದರೆ ಅದು ಉತ್ತರವಲ್ಲ.

ಅಡುಗೆಗೆ ಎರಡು ಪದ್ಧತಿಯುಂಟು. ಸಾಮಾನು ನಾವು ತಂದುಕೊಟ್ಟು ಕೂಲಿ ಮಾತ್ರ ಅವರಿಗೆ ಕೊಡುವುದು ಒಂದು. ಎಲ್ಲವನ್ನೂ ಅವರಿಗೇ ಬಿಟ್ಟು ಎಲೆ ಲೆಕ್ಕದಲ್ಲಿ ಕೊಡುವುದು ಇನ್ನೊಂದು. ಮೊದಲನೆಯದರಲ್ಲಿ ಸಾಮಾನಿನ ಪಟ್ಟಿ ಒಂದು ತಿಂಗಳ ಮೊದಲೇ ಕೈಗೆ ಬರಬೇಕು. ಉಳಿದ ಸಾಮಾನು ಮನೆಯವರದು ಎಂದು ಬರೆದಿರಬೇಕು. ಎರಡನೆಯದರಲ್ಲಿ ಕನಿಷ್ಠ ಎಷ್ಟು ಎಲೆಗೆ ಹಣ ಕೊಡಬೇಕು, ಎಲೆ ಎಣಿಸುವವರು ಯಾರು ಎಂಬುದು ಮುಖ್ಯ. ಎಲೆಯನ್ನು ನಾವೇ ಎಣಿಸಿ ತಂದಿಟ್ಟು, ಪಂಕ್ತಿ ಮುಗಿದ ಮೇಲೆ ಉಳಿದದ್ದನ್ನು ಎಣಿಸಿದರೆ ಜಗಳವೇ ಇಲ್ಲ. ಸಾವಿರ ಜನರೆಂದು ಹೇಳಿ ಏಳುನೂರು ಜನ ಬಂದರೆ ನಷ್ಟ ನಮ್ಮದು. ಆದುದರಿಂದ ಕನಿಷ್ಠ ಸಂಖ್ಯೆಯನ್ನು ಕಡಿಮೆಯೇ ಹೇಳಿ, ಹೆಚ್ಚು ಬಂದರೆ ಅದೇ ದರದಲ್ಲಿ ಎಷ್ಟು ಎಲೆಯವರೆಗೆ ಒದಗಿಸುತ್ತೀರಿ ಎಂದು ಕೇಳಿ ಬರೆಸಿಕೊಳ್ಳಿ. ಬಡಿಸುವವರೆಷ್ಟು ಮಂದಿ, ಗ್ಯಾಸ್ ಯಾರದು, ಬೆಳಗಿನ ತಿಂಡಿಯೂ ಕಾಫಿಯೂ ಲೆಕ್ಕದೊಳಗೋ ಹೊರಗೋ ಎಂಬುದನ್ನೂ ಸೇರಿಸಿ. ಬಗೆಗಳ ಪಟ್ಟಿಯನ್ನು ಹೆಸರು ಹಿಡಿದು ಬರೆಯಿರಿ. ‘ಎರಡು ಸಿಹಿ’ ಎಂದರೆ ಯಾವ ಎರಡು?

ಚಪ್ಪರ, ಬಸ್ಸು, ಫೋಟೋ

ಮನೆಯ ಮುಂದೆ ಮದುವೆ ಮಾಡುವವರು ಮಳೆಯನ್ನು ಮರೆಯಬಾರದು. ಏಪ್ರಿಲ್, ಮೇ ತಿಂಗಳಲ್ಲಿ ಬೆಟ್ಟದ ಮೇಲಿಂದ ಗುಡುಗು ಮಳೆ ಯಾವಾಗ ಬರುವುದೋ ಹೇಳಲಾಗದು. ಷಾಮಿಯಾನ ಬಟ್ಟೆಯದೋ ನೀರು ಸೋರದ ತಗಡಿನದೋ, ಯಾವ ದಿನ ಎಷ್ಟು ಹೊತ್ತಿಗೆ ಕಟ್ಟಿ ಮುಗಿಸಬೇಕು, ಕುರ್ಚಿ ಮೇಜು ಎಷ್ಟು, ಒಡೆದರೆ ಒಂದಕ್ಕೆ ಎಷ್ಟು ಎಂದು ಬರೆಯಬೇಕು.

ಬಸ್ಸಿನವರಿಗೆ ದಾರಿಯನ್ನು ಮೊದಲೇ ಹೇಳಿ. ಲಿಂಗದಹಳ್ಳಿ ದಾಟಿ ಕೆಮ್ಮಣ್ಣುಗುಂಡಿಯ ಕಡೆಗೆ ಏರುವ ತಿರುವುಗಳಲ್ಲಿ, ತೋಟದ ಕಿರುದಾರಿಗಳಲ್ಲಿ ದೊಡ್ಡ ಬಸ್ಸು ಬರುವುದಿಲ್ಲ ಎಂದು ಮದುವೆಯ ದಿನ ತಿಳಿದರೆ ಪ್ರಯೋಜನವಿಲ್ಲ. ಕಿಲೋಮೀಟರ್ ಲೆಕ್ಕವೋ ದಿನದ ಲೆಕ್ಕವೋ, ಚಾಲಕರ ಭತ್ಯೆ ಯಾರದು, ಬಸ್ಸು ಕೆಟ್ಟರೆ ಬದಲಿ ಕೊಡುವರೋ ಎಂದೂ ಕೇಳಿ.

ಫೋಟೋ, ವಿಡಿಯೋದವರಲ್ಲಿ ಕೇಳಬೇಕಾದ್ದು: ನಮ್ಮೊಡನೆ ಮಾತಾಡಿದವರೇ ಬರುವರೋ, ಬೇರೆ ಹುಡುಗರನ್ನು ಕಳಿಸುವರೋ, ಆಲ್ಬಮ್ ಎಷ್ಟು ದಿನದಲ್ಲಿ, ಎಷ್ಟು ಹಾಳೆ, ತೆಗೆದ ಎಲ್ಲ ಚಿತ್ರಗಳನ್ನೂ ಕೊಡುವರೋ. ಆಲ್ಬಮ್ ಕೈಗೆ ಬರುವವರೆಗೆ ಕೊನೆಯ ಕಂತು ನಮ್ಮ ಬಳಿಯೇ ಇರಲಿ. ಮದುಮಗಳ ಚಿತ್ರವನ್ನು ನಮ್ಮನ್ನು ಕೇಳದೆ ಜಾಹೀರಾತಿಗೆ ಬಳಸಕೂಡದು ಎಂಬ ಸಾಲೂ ಇರಲಿ.

ಮುಂಗಡ ಮತ್ತು ರದ್ದತಿ

ಈ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ಮದುವೆ ನಿಲ್ಲಲು ಕಾರಣ ಹಲವು. ಮನೆಯಲ್ಲಿ ಸಾವಾಗಿ ಸೂತಕ ಬರಬಹುದು; ಸರಕಾರದ ಆಜ್ಞೆ ಬರಬಹುದು; ಸಂಬಂಧವೇ ಮುರಿಯಬಹುದು. ಒಂದೊಂದಕ್ಕೂ ಮುಂಗಡದ ಗತಿಯೇನೆಂದು ಬರೆದಿರಬೇಕು. ನನ್ನ ಸಲಹೆ ಇದು: ಮೂರು ತಿಂಗಳ ಮೊದಲು ತಿಳಿಸಿದರೆ ಅಲ್ಪ ಖರ್ಚು ಕಳೆದು ಉಳಿದದ್ದು ವಾಪಸು, ಒಂದರಿಂದ ಮೂರು ತಿಂಗಳೊಳಗಾದರೆ ಅರ್ಧ, ಆಮೇಲಾದರೆ ಇಲ್ಲ. ಆದರೆ ಅದೇ ಮುಹೂರ್ತಕ್ಕೆ ಛತ್ರ ಬೇರೆಯವರಿಗೆ ಹೋದರೆ ಅವರಿಗೆ ನಷ್ಟವಿಲ್ಲ, ಆಗ ಹಣ ಹಿಂದಿರುಗಬೇಕು. ಸೂತಕ ಅಥವಾ ಸರಕಾರಿ ಆಜ್ಞೆಯಾದರೆ ಹೆಚ್ಚಿನ ಹಣವಿಲ್ಲದೆ ಬೇರೆ ದಿನ ಕೊಡಬೇಕು. ಅವರ ಕಡೆಯಿಂದಲೇ ತಪ್ಪಿದರೆ ಪೂರ್ತಿ ಮುಂಗಡದ ಜೊತೆಗೆ ಪರಿಹಾರವನ್ನೂ ಕೊಡಬೇಕು. ಕರಾರು ಎರಡು ಕಡೆಗೂ ಸಮನಾಗಿರಬೇಕು.

ಕಾನೂನಿನಲ್ಲೂ ನಮಗೆ ಆಸರೆಯಿದೆ. ಕರಾರು ಕಾಯಿದೆಯ 74ನೆಯ ಕಲಮಿನ ಪ್ರಕಾರ ಕಾಗದದಲ್ಲಿ ದಂಡ ಎಷ್ಟೇ ಬರೆದಿರಲಿ, ಕೊಡಬೇಕಾದುದು ನ್ಯಾಯವಾದ ಪರಿಹಾರವಷ್ಟೆ; ಬರೆದ ಮೊತ್ತ ಅದರ ಮೇಲ್ಮಿತಿ. ಫತೇಚಂದ್ ಮತ್ತು ಬಾಲಕಿಶನ್ ದಾಸ್ ನಡುವಿನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1963ರಲ್ಲೇ ಇದನ್ನು ವಿವರಿಸಿದೆ. ಕರಾರಾದ ಮೇಲೆ ಕೆಲಸ ಅಸಾಧ್ಯವಾದರೆ ಅಥವಾ ಕಾನೂನುಬಾಹಿರವಾದರೆ 56ನೆಯ ಕಲಮಿನಂತೆ ಕರಾರು ಶೂನ್ಯವಾಗುತ್ತದೆ. ಪಡೆದ ಲಾಭವನ್ನು ಹಿಂದಿರುಗಿಸಬೇಕೆಂದು 65ನೆಯ ಕಲಮು ಹೇಳುತ್ತದೆ. ಆದರೆ ಇವುಗಳ ಅನ್ವಯ ಪ್ರತಿಯೊಂದು ಪ್ರಕರಣದಲ್ಲೂ ವಾದದ ವಿಷಯವೇ. ಕಾಗದದಲ್ಲಿ ಒಂದು ಸಾಲು ಇದ್ದರೆ ಅಷ್ಟು ದೂರ ಹೋಗಬೇಕಾಗಿಲ್ಲ.

ಹಣವನ್ನು ಬ್ಯಾಂಕಿನ ಮೂಲಕ ಕೊಡುವುದು ಮೇಲು, ಅದೇ ಸಾಕ್ಷಿ. 2017ರಿಂದ ಒಂದು ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದನ್ನು ಯಾರೂ ಪಡೆಯುವಂತಿಲ್ಲ. ಕಂತುಗಳನ್ನು ನಮ್ಮ ಫಸಲಿನ ಹಣ ಕೈಗೆ ಬರುವ ಕಾಲಕ್ಕೆ ಹೊಂದಿಸಿ ಕೇಳಿ. ಕೈಸಾಲ ಮಾಡಿ ಮುಂಗಡ ಕೊಟ್ಟರೆ ಬಡ್ಡಿಯೂ ಮದುವೆಯ ಖರ್ಚೇ.

ಚೌಕಾಸಿಯ ಮಾತು

ಎರಡು ಮೂರು ಕಡೆ ವಿಚಾರಿಸದೆ ಗೊತ್ತುಮಾಡಬೇಡಿ. ಆದರೆ ಬರೀ ದರವನ್ನೇ ಜಗ್ಗಬೇಡಿ. ದರ ಇಳಿಸಿದಷ್ಟೂ ಎಲೆಯ ಮೇಲೆ ಬೀಳುವುದೂ ಇಳಿಯುತ್ತದೆ. ಅವರಿಗೆ ಹೊರೆಯಾಗದೆ ನಮಗೆ ಉಪಯೋಗವಾಗುವುದನ್ನು ಕೇಳಿ: ಎರಡು ಗಂಟೆ ಹೆಚ್ಚು ಸಮಯ, ಇನ್ನೊಂದು ಕೊಠಡಿ, ಸ್ವಚ್ಛತೆಯ ಖರ್ಚು ಮಾಫಿ. ಪುರೋಹಿತರಿಂದ ಒಂದರ ಬದಲು ಎರಡು ಮೂರು ಮುಹೂರ್ತ ಬರೆಸಿಕೊಂಡು ಹೋದರೆ ಮಾತಿಗೆ ಜಾಗವಿರುತ್ತದೆ. ಒಂದೇ ಋತುವಿನಲ್ಲಿ ಎರಡು ಮೂರು ಸದಸ್ಯರ ಮನೆಯಲ್ಲಿ ಮದುವೆಯಿದ್ದರೆ ಷಾಮಿಯಾನ, ಪಾತ್ರೆಗಳಿಗೆ ಒಟ್ಟಾಗಿ ಮಾತಾಡಬಹುದು. ಒಟ್ಟಾಗಿ ಕೊಂಡರೆ ಅಗ್ಗವೆಂಬುದನ್ನು ಗೊಬ್ಬರದಲ್ಲಿ ಕಂಡಿದ್ದೇವಲ್ಲ.

ಕೊನೆಗೆ ತಕರಾರಾದರೆ

ಮೊದಲು ಹಿರಿಯರೊಬ್ಬರನ್ನು ಕೂಡಿಸಿಕೊಂಡು ಮಾತಾಡಿ. ಆಗದಿದ್ದರೆ ಬರಹದಲ್ಲಿ ನೋಟೀಸು ಕೊಡಿ. ಅದಕ್ಕೂ ಬಗ್ಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಛತ್ರ ಬೇರೆ ಜಿಲ್ಲೆಯಲ್ಲಿದ್ದರೂ ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಹೂಡಲು ಈ ಕಾಯಿದೆ ಅವಕಾಶ ಕೊಟ್ಟಿದೆ. ಎರಡು ವರ್ಷದೊಳಗೆ ಹೋಗಬೇಕು. ಕೊಟ್ಟ ಹಣ 5 ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವಿಲ್ಲ. ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಎಲ್ಲೇ ಹೋದರೂ ಮೊದಲು ಕೇಳುವುದು ಕಾಗದ ಮತ್ತು ರಸೀದಿ.

ಮದುವೆ ನಿಶ್ಚಯವಾದ ದಿನ ಹಿರಿಯರ ಎದುರು ಲಗ್ನಪತ್ರಿಕೆ ಬರೆಸಿ, ಎಲ್ಲರಿಗೂ ಕೇಳುವಂತೆ ಓದಿಸುತ್ತೇವೆ. ಎರಡು ಮನೆಗಳ ನಡುವೆ ನಂಬಿಕೆಯಿಲ್ಲವೆಂದು ಹಾಗೆ ಮಾಡುವುದಿಲ್ಲ. ನಂಬಿಕೆ ಕೆಡದಿರಲಿ ಎಂದು ಮಾಡುತ್ತೇವೆ. ಛತ್ರದವರೊಡನೆ, ಭಟ್ಟರೊಡನೆ ಬರೆದುಕೊಳ್ಳುವ ಹಾಳೆಗೂ ಅದೇ ಉದ್ದೇಶ. ಕಿರಿಯ ಮಗನ ಮದುವೆಯಲ್ಲಿ ನಾನು ಹಾಗೆಯೇ ಮಾಡಿದೆ. ಛತ್ರದವರು ಮೊದಲು ನಕ್ಕರು, ಆಮೇಲೆ ಓದಿ ತಾವೇ ಒಂದು ಸಾಲು ಸೇರಿಸಿದರು. ಲೆಕ್ಕ ತೀರಿಸಿದ ದಿನ ಇಬ್ಬರೂ ಕಾಫಿ ಕುಡಿದು ಎದ್ದೆವು.

ಈ ಋತುವಿನಲ್ಲಿ ಮದುವೆಯಿರುವ ಸದಸ್ಯರು ಕರಾರಿನ ಹಾಳೆಯನ್ನು ರುಜು ಹಾಕುವ ಮುನ್ನ ಸಂಘದ ಕಚೇರಿಗೆ ತಂದರೆ ಜೊತೆಯಲ್ಲಿ ಕುಳಿತು ಓದೋಣ. ಹಿಂಬದಿಯನ್ನೂ ಓದೋಣ.

— ಕಾರ್ಯದರ್ಶಿ