ಗಿರಾಕಿ ಕೊಟ್ಟ ಫಾಂಟ್ ಹಾಕುವ ಮುನ್ನ ಇದನ್ನು ಓದಿ: ಕೆಟ್ಟ ಫಾಂಟ್ ಫೈಲ್ ಕಂಪ್ಯೂಟರ್ ಕೆಡಿಸೋದು ಹೇಗೆ?

ಗದಗ: ಲಗ್ನದ ಸೀಜನ್, ಜಾತ್ರೆ ಬಂತೆಂದರೆ ‘ಮುದ್ರಣ ಕಾಶಿ’ ಎನಿಸಿಕೊಂಡ ಗದಗ-ಬೆಟಗೇರಿಯ ಪ್ರೆಸ್‌ಗಳಿಂದ ಹಿಡಿದು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಡಿಟಿಪಿ, ಫ್ಲೆಕ್ಸ್ ಅಂಗಡಿಗಳವರೆಗೆ ಎಲ್ಲರಿಗೂ ಕೈತುಂಬ ಕೆಲಸ. ‘ಇದೇ ಅಕ್ಷರದಾಗ ಬೇಕ್ರಿ’ ಎಂದು ಗಿರಾಕಿಗಳು ಪೆನ್‌ಡ್ರೈವ್‌ನಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ಫಾಂಟ್ ಕೊಡೋದೂ ಮಾಮೂಲು. ಆದರೆ ಫಾಂಟ್ ಫೈಲೇ ಕೆಟ್ಟಿದ್ದರೆ ಡಿಸೈನ್ ಸಾಫ್ಟ್‌ವೇರ್ ಇದ್ದಕ್ಕಿದ್ದಂತೆ ಬಂದ್ ಆಗಬಹುದು. ಬೇಕಂತಲೇ ಕೆಡಿಸಿದ ಫೈಲಾಗಿದ್ದರೆ ಇಡೀ ಕಂಪ್ಯೂಟರ್ ಬೇರೆಯವರ ಕೈಗೆ ಹೋಗಬಹುದು.

ನುಡಿ ಗೊಂದಲ ಬೇರೆ, ಇದು ಬೇರೆ

ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಅಲ್ಲಿ ಫೈಲ್ ಕೆಟ್ಟಿಲ್ಲ, ಫಾಂಟ್ ಹಾಕಿದರೆ ಸರಿಹೋಗುತ್ತದೆ. ಇಲ್ಲಿ ಹೇಳುತ್ತಿರೋದು ಫಾಂಟಿನ ಒಳಗಿನ ಲೆಕ್ಕವೇ ತಪ್ಪಿದ ಫೈಲ್ ಬಗ್ಗೆ.

ಚೀಟಿಯಲ್ಲಿ 100 ಚೀಲ, ಇರೋದು 60

ಟ್ರೂಟೈಪ್, ಓಪನ್‌ಟೈಪ್ ಫಾಂಟ್ ಫೈಲಿನ ಆರಂಭದಲ್ಲಿ ಒಂದು ಪಟ್ಟಿ ಇರುತ್ತದೆ. ಅಕ್ಷರದ ಆಕಾರ, ಅಗಲ, ಒತ್ತಕ್ಷರ ಜೋಡಣೆಯ ನಿಯಮ ಹೀಗೆ ಒಂದೊಂದು ಭಾಗ ಎಲ್ಲಿ ಶುರುವಾಗುತ್ತದೆ, ಎಷ್ಟು ಉದ್ದ ಇದೆ ಎಂದು ಅದು ಹೇಳುತ್ತದೆ. ಡೌನ್‌ಲೋಡ್ ಅರ್ಧಕ್ಕೆ ನಿಂತರೆ, ಪೆನ್‌ಡ್ರೈವ್ ಕೆಟ್ಟರೆ ಪಟ್ಟಿಗೂ ಮಾಲಿಗೂ ತಾಳೆಯಾಗೋದಿಲ್ಲ.

ಎಪಿಎಂಸಿಯಲ್ಲಿ ಚೀಟಿ 100 ಚೀಲ ಅನ್ನುತ್ತದೆ, ಇರೋದು 60 ಅಂತಿಟ್ಟುಕೊಳ್ಳಿ. ಚೀಟಿಯನ್ನೇ ನಂಬಿದ ಹಮಾಲ ಉಳಿದ 40ನ್ನು ಪಕ್ಕದ ಅಂಗಡಿಯಿಂದ ಎತ್ತುತ್ತಾನೆ. ಪಟ್ಟಿಯನ್ನು ಕಣ್ಣುಮುಚ್ಚಿ ನಂಬಿದ ಸಾಫ್ಟ್‌ವೇರ್ ಕೂಡ ಮೆಮೊರಿಯಲ್ಲಿ ತನ್ನದಲ್ಲದ ಜಾಗಕ್ಕೆ ಕೈಹಾಕುತ್ತದೆ. ಓದಿದರೆ ಕ್ರ್ಯಾಶ್. ಅಲ್ಲಿ ಬರೆದರೆ ಇನ್ನೂ ಅಪಾಯ, ಕಳ್ಳರು ತಮ್ಮ ಪ್ರೋಗ್ರಾಂ ಓಡಿಸೋದು ಅದೇ ದಾರಿಯಿಂದ.

ನಿಜವಾಗಿ ನಡೆದದ್ದು

2011ರಲ್ಲಿ ಪತ್ತೆಯಾದ ‘ಡುಕು’ ಕುತಂತ್ರಾಂಶ ವರ್ಡ್ ಫೈಲಿನೊಳಗಿನ ಟ್ರೂಟೈಪ್ ಫಾಂಟ್ ಮೂಲಕ ವಿಂಡೋಸ್‌ಗೆ ನುಗ್ಗಿತ್ತು. ಮೈಕ್ರೋಸಾಫ್ಟ್ ಅದೇ ಡಿಸೆಂಬರ್‌ನಲ್ಲಿ ತಿದ್ದುಪಡಿ ಕೊಟ್ಟಿತು. 2020ರ ಮಾರ್ಚ್‌ನಲ್ಲಿ ವಿಂಡೋಸ್ 7 ಮೇಲೆ ಫಾಂಟ್ ಮೂಲಕ ದಾಳಿ ನಡೆಯುತ್ತಿದೆ ಎಂದು ಅದೇ ಕಂಪನಿ ಎಚ್ಚರಿಸಿತು. ಆದರೆ ವಿಂಡೋಸ್ 7ರ ಉಚಿತ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿತ್ತು. ದುಡ್ಡು ಕಟ್ಟಿದವರಿಗಷ್ಟೇ ತಿದ್ದುಪಡಿ ಸಿಕ್ಕಿತು.

ಮೊಬೈಲೂ ಹೊರತಲ್ಲ. ಆಂಡ್ರಾಯ್ಡ್ ಬಳಸುವ ‘ಫ್ರೀಟೈಪ್’ ಎಂಬ ತಂತ್ರಾಂಶದಲ್ಲಿ ಒಂದು ಲೆಕ್ಕ ತಪ್ಪಿ, ಬೇಕಾದ್ದಕ್ಕಿಂತ ಸಣ್ಣ ಜಾಗ ಕಾದಿರಿಸಿ ಅದರಾಚೆಗೂ ಬರೆಯುತ್ತಿತ್ತು. ಇದನ್ನು 2025ರ ಮೇ ಅಪ್‌ಡೇಟ್‌ನಲ್ಲಿ ಸರಿಪಡಿಸಲಾಯಿತು.

ಒಳ್ಳೆಯ ಸಾಫ್ಟ್‌ವೇರ್ ಏನು ಮಾಡುತ್ತದೆ?

ಮೊದಲು ಎಣಿಸುತ್ತದೆ. ಭಾಗದ ಆರಂಭ, ಉದ್ದ ಕೂಡಿಸಿದರೆ ಫೈಲಿನ ಗಾತ್ರ ಮೀರುತ್ತದೆಯೇ ನೋಡುತ್ತದೆ. ಮೀರಿದರೆ ಫಾಂಟನ್ನು ತಿರಸ್ಕರಿಸಿ ಬೇರೆ ಫಾಂಟ್‌ನಲ್ಲಿ ತೋರಿಸುತ್ತದೆ. ಕ್ರೋಮ್, ಫೈರ್‌ಫಾಕ್ಸ್ ಇದಕ್ಕಾಗಿ ‘ಓಪನ್‌ಟೈಪ್ ಸ್ಯಾನಿಟೈಸರ್’ ಎಂಬ ಜರಡಿ ಇಟ್ಟುಕೊಂಡಿವೆ.

ಅಂಗಡಿಯವರು ಮಾಡಬೇಕಾದ್ದು

* ಫಾಂಟನ್ನು ತಯಾರಿಸಿದವರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ.
* ಗಿರಾಕಿಗೆ ಫಾಂಟ್ ಬದಲು ಅಕ್ಷರಗಳನ್ನು ಕರ್ವ್ ಮಾಡಿದ ಫೈಲ್ ತರಲು ಹೇಳಿ. ಆಗ ಫಾಂಟೇ ಬೇಕಾಗೋದಿಲ್ಲ.
* ನೂರಾರು ಫಾಂಟ್ ಒಟ್ಟಿಗೆ ಹಾಕಬೇಡಿ. ಒಂದೊಂದೇ ಹಾಕಿದರೆ ಯಾವುದು ಕೆಟ್ಟದ್ದೆಂದು ತಿಳಿಯುತ್ತದೆ. ಸಾಫ್ಟ್‌ವೇರ್ ಬಂದ್ ಆದರೆ ಕೊನೆಗೆ ಹಾಕಿದ್ದನ್ನು ಮೊದಲು ತೆಗೆಯಿರಿ.
* ವಿಂಡೋಸ್, ಮೊಬೈಲ್ ಅಪ್‌ಡೇಟ್ ಮುಂದೂಡಬೇಡಿ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.
* ಹಳೆಯ ಕಂಪ್ಯೂಟರ್ ಬಿಡಲಾಗದಿದ್ದರೆ ಅದಕ್ಕೆ ಇಂಟರ್ನೆಟ್ ಕೊಡಬೇಡಿ. ಬ್ಯಾಂಕ್, ಜಿಎಸ್‌ಟಿ ಕೆಲಸ ಅದರಲ್ಲಿ ಬೇಡವೇ ಬೇಡ.