ಕರಿ ವೈರಿನ ಕಿತಾಪತಿ

ಬ್ರೇಕ್ ಹಿಡಿದರೆ ನಿಲ್ಲುತ್ತಿತ್ತು, ಬಿಟ್ಟರೆ ಮತ್ತೆ ಓಡುತ್ತಿತ್ತು. ಎಕ್ಸಲೇಟರಿನ ಮೇಲೆ ನನ್ನ ಕೈಯೇ ಇರಲಿಲ್ಲ. ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯ ಓಣಿಯಲ್ಲಿ ನನ್ನ ಬ್ಯಾಟರಿ ಸೈಕಲ್ ಹೀಗೆ ಎರಡು ಸಲ ಹೌಹಾರಿಸಿ, ಮೂರನೆಯ ಸಲ ತಿಪ್ಪೆಗೆ ಮುಖ ಕೊಟ್ಟು ನಿಂತಿತು. ಸೈಕಲ್ಲನ್ನು ಬೈಯುವ ಹಾಗಿರಲಿಲ್ಲ. ಹಿಂದಿನ ದಿನ ಅದರ ವೈರು ಉದ್ದ ಮಾಡಿದವನು ನಾನೇ.

ನಮ್ಮ ಕಡೆ ಹಳೆಯ ಸೈಕಲ್ಲಿಗೆ ಬರವಿಲ್ಲ. ಕೊಟ್ಟಿಗೆಗೆ ಒರಗಿದ ಡಬಲ್ ಬಾರ್ ಇರುತ್ತದೆ. ಇಲ್ಲವೇ 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಹಂಚಿದ ಸೈಕಲ್. ಹಬ್ ಮೋಟರಿನ ಗಾಲಿ, 36 ವೋಲ್ಟಿನ ಬ್ಯಾಟರಿ, ಕಂಟ್ರೋಲರ್ ಇರುವ ಕಿಟ್ ಹಾಕಿಸಿದರೆ ಹೊಲಕ್ಕೆ ಹೋಗಿಬರಲು ಸಾಕು. ಮೋಟರ್ 250 ವ್ಯಾಟ್‌ಗಿಂತ ಕಡಿಮೆಯಿದ್ದು, ವೇಗ ಗಂಟೆಗೆ 25 ಕಿ.ಮೀ. ಒಳಗಿದ್ದರೆ ನೋಂದಣಿಯೂ ಬೇಡ, ಲೈಸೆನ್ಸೂ ಬೇಡ. ಆದರೆ ಕಿಟ್‌ನ ವೈರು ಸಣ್ಣ ಸೈಕಲ್ಲಿನ ಅಳತೆಯದು. ಕ್ಯಾರಿಯರ್ ಕೆಳಗಿನ ಡಬ್ಬಿಯಿಂದ ನನ್ನ ಹ್ಯಾಂಡಲ್ಲಿಗೆ ಎರಡು ಮೊಳ ಸಾಲಲಿಲ್ಲ. ಎಕ್ಸಲೇಟರಿನ ವೈರಿಗೆ ಬೇರೆ ತುಂಡು ಸೇರಿಸಿ ತಿರುವಿ, ಕರಿ ಟೇಪು ಸುತ್ತಿ, ಕೈತೊಳೆದುಕೊಂಡೆ.

ತಿಪ್ಪೆಯಿಂದ ಎಬ್ಬಿಸಿಕೊಂಡು ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಮಾಡುವವರ ಹತ್ತಿರ ಒಯ್ದೆ. ಅವರು ಮೋಟರಿಗೆ ಹೋಗುವ ಮೂರು ದಪ್ಪ ವೈರು ಮುಟ್ಟಿ, 'ಇವನ್ನ ಉದ್ದ ಮಾಡಿಲ್ಲಲ್ರೀ? ಚಲೋ ಆತು' ಅಂದರು. ಬೋರ್‌ವೆಲ್ಲಿಗೆ ಕೇಬಲ್ ಎಳೆದವರಿಗೆ ಇದು ಗೊತ್ತಿರುವ ಲೆಕ್ಕ: ದೂರ ಹೆಚ್ಚಾದಷ್ಟೂ ವೈರು ದಪ್ಪ ಬೇಕು, ಇಲ್ಲದಿದ್ದರೆ ವೋಲ್ಟೇಜ್ ಬೀಳುತ್ತದೆ. ಎಕ್ಸಲೇಟರಿನ ವೈರಿಗೆ ಆ ಕಾಟವಿಲ್ಲ. ಮೋಟರ್ ಏಳೆಂಟು ಆಂಪಿಯರ್ ಎಳೆಯುವಾಗ ಇಲ್ಲಿ ಹರಿಯುವುದು ಕೆಲವೇ ಮಿಲಿ ಆಂಪಿಯರ್. ಎರಡು ಮೊಳವಲ್ಲ, ಎರಡು ಮಾರು ಸೇರಿಸಿದರೂ ಸಣ್ಣ ವೈರೇ ನಡೆಯುತ್ತದೆ. ಅದಕ್ಕೇ ನಾವು ಅದನ್ನು ಕಡೆಗಣಿಸುವುದು.

ಎಕ್ಸಲೇಟರಿನೊಳಗೆ ಒಂದು ಅಯಸ್ಕಾಂತ, ಒಂದು ಹಾಲ್ ಸೆನ್ಸರ್. ಕರೆಂಟ್ ಹರಿಯುವ ಹಾಳೆಯ ಬಳಿ ಅಯಸ್ಕಾಂತ ಹಿಡಿದರೆ ಅಡ್ಡಲಾಗಿ ಸಣ್ಣ ವೋಲ್ಟೇಜ್ ಹುಟ್ಟುವುದನ್ನು ಎಡ್ವಿನ್ ಹಾಲ್ 1879ರಲ್ಲಿ ಬಂಗಾರದ ತೆಳು ಹಾಳೆಯಲ್ಲಿ ಕಂಡಿದ್ದ. ಕೆಂಪು ವೈರು 5 ವೋಲ್ಟ್ ತರುತ್ತದೆ, ಕರಿಯದು ನೆಲೆ, ಮೂರನೆಯದು ಸಿಗ್ನಲ್. ಹಿಡಿ ತಿರುವಿದಂತೆ ಸಿಗ್ನಲ್ ಸುಮಾರು 1 ವೋಲ್ಟಿನಿಂದ 4ರ ಹತ್ತಿರಕ್ಕೆ ಏರುತ್ತದೆ. ಕೆಂಪು ತುಂಡಾದರೆ ಸೈಕಲ್ ಸುಮ್ಮನೆ ನಿಲ್ಲುತ್ತದೆ. ಕರಿಯದು ತುಂಡಾದರೆ ಸೆನ್ಸರಿನ ನೆಲೆ ತಪ್ಪಿ, ಸಿಗ್ನಲ್ ಕೆಂಪಿನ ಕಡೆಗೆ ಏರಿಬಿಡುತ್ತದೆ. ಸವಾರ ಪೂರಾ ತಿರುವಿದ್ದಾನೆಂದೇ ಕಂಟ್ರೋಲರ್ ತಿಳಿಯುತ್ತದೆ. ಇಂಥದಕ್ಕೆ ಅನುಮಾನಪಟ್ಟು ಮೋಟರ್ ಬಂದ್ ಮಾಡುವ ಕಂಟ್ರೋಲರುಗಳಿವೆ; ನನ್ನದು ಅಷ್ಟು ಜಾಣ ಅಲ್ಲ. ಹ್ಯಾಂಡಲ್ ಹೊರಳಿಸಿದಾಗ ನನ್ನ ಟೇಪಿನೊಳಗೆ ಬಿಚ್ಚಿದ್ದು ಅದೇ ಕರಿ ವೈರು.

ಅವರು ಟೇಪು ಕಿತ್ತರು. ಒಂಟಿ ಎಳೆಯ ವೈರು ಹ್ಯಾಂಡಲ್ಲಿನ ಹತ್ತಿರ ಬಾಗಿ ಬಾಗಿ ಮುರಿಯುತ್ತದೆಂದು ಹಲವು ಎಳೆಯದು ತೆಗೆದರು. ಮೂರು ಜೋಡಣೆಯೂ ಒಂದೇ ಕಡೆ ಬಾರದಂತೆ, ಒಂದೊಂದು ಬೆರಳು ಹಿಂದೆ ಮುಂದೆ ಕತ್ತರಿಸಿ, ಸೋಲ್ಡರ್ ಹಿಡಿಸಿ, ಮೇಲೆ ಕಾಯಿಸಿದರೆ ಕುಗ್ಗುವ ಸ್ಲೀವ್ ಏರಿಸಿದರು. ಹ್ಯಾಂಡಲ್ ಎರಡೂ ಕಡೆ ಪೂರ್ತಿ ಹೊರಳುವಷ್ಟು ಸಡಿಲ ಬಿಟ್ಟರು. ಮಡ್‌ಗಾರ್ಡಿನ ಹತ್ತಿರ ಮಾತ್ರ ಬಿಗಿ. ಮಳೆಗಾಲದಲ್ಲಿ ಎರಿ ಮಣ್ಣು ಗಾಲಿಗೆ ಮೆತ್ತಿ ಎಂಥ ವೈರನ್ನೂ ಎಳೆದು ಹಾಕುತ್ತದೆ. ಮೋಟರಿನ ಹಾಲ್ ಸೆನ್ಸರುಗಳ ಐದು ಸಣ್ಣ ವೈರುಗಳನ್ನು ದಪ್ಪ ವೈರುಗಳಿಂದ ಬೇರೆ ಕಟ್ಟಿದರು. ಒಟ್ಟಿಗೆ ಓಡಿಸಿದರೆ ಸಿಗ್ನಲ್ ಕದಡುತ್ತದಂತೆ.

ಆಮೇಲೆ ಹಿಂದಿನ ಗಾಲಿ ಎತ್ತಿ, ಎಕ್ಸಲೇಟರ್ ಕೊಟ್ಟು, ಬ್ರೇಕ್ ಹಿಡಿದರು. ನನ್ನ ಬ್ರೇಕಿನ ಎರಡು ವೈರು ಕೂಡಿದರೆ ಮಾತ್ರ ಮೋಟರ್ ಕಡಿತವಾಗುತ್ತದೆ. ಒಂದು ತುಂಡಾಗಿದ್ದರೂ ಸೈಕಲ್ ಎಂದಿನಂತೆ ಓಡಾಡುತ್ತಿರುತ್ತದೆ. ಗೊತ್ತಾಗುವುದು ತಿಪ್ಪೆ ಎದುರಿಗೆ ಬಂದ ದಿನವೇ.

ಅಂಗಡಿಯಲ್ಲಿದ್ದದ್ದು ಒಂದೇ ಬಣ್ಣದ ವೈರು. ಮುಂದೆ ಬಿಚ್ಚುವವರಿಗೆ ಯಾವುದು ಯಾವುದೆಂದು ತಿಳಿಯಲಿ ಎಂದು ತುದಿಗಳಿಗೆ ನೂಲು ಕಟ್ಟಿದರು: ಕೆಂಪಿಗೆ ಒಂದು ಗಂಟು, ಸಿಗ್ನಲ್ಲಿಗೆ ಎರಡು, ಕರಿಯದಕ್ಕೆ ಮೂರು.