ರಟ್ಟಿನ ತೇರು

ಬೇಸಿಗೆ ರಜೆಯ ಮಧ್ಯಾಹ್ನ. ಪಡಸಾಲೆಯ ಚಾಪೆಯ ಮೇಲೆ ಮನೆಯ ಕಸವೆಲ್ಲ ಹರಡಿಕೊಂಡಿದೆ: ಚಪ್ಪಲಿಯ ಖಾಲಿ ಡಬ್ಬ, ಹಳೆಯ ಲಗ್ನಪತ್ರಿಕೆ, ನೀರಿನ ಬಾಟಲಿಯ ಮುಚ್ಚಳ, ಜ್ಯೂಸ್ ಕುಡಿದು ಬಿಟ್ಟ ಸ್ಟ್ರಾ, ದರ್ಜಿಯ ಅಂಗಡಿಯ ಬಟ್ಟೆಚೂರು, ತೆಂಗಿನ ಪೊರಕೆಯಿಂದ ಕಿತ್ತ ಕಡ್ಡಿ. ಒಲೆಯ ಮೇಲೆ ನೀರಿನಲ್ಲಿ ಕದಡಿದ ಮೈದಾ ಕುದ್ದು ಅಂಟಾಗುತ್ತಿದೆ. ಊರ ಜಾತ್ರೆ ಮುಗಿದು ವಾರವೂ ಆಗಿಲ್ಲ. ಏಳು ವರ್ಷದ ಅಣ್ಣ, ನಾಲ್ಕು ವರ್ಷದ ತಂಗಿ, ಇಬ್ಬರ ತಲೆಯಲ್ಲೂ ಇನ್ನೂ ತೇರೇ ಓಡುತ್ತಿದೆ.

ಚಪ್ಪಲಿ ಡಬ್ಬವೇ ತೇರಿನ ಅಡಿ. ಕಾದ ಮೊಳೆಯಿಂದ ಮುಚ್ಚಳಕ್ಕೆ ತೂತು ಹಾಕುವುದು ಅಜ್ಜಿಯ ಕೆಲಸ. ಡಬ್ಬದ ತಳಕ್ಕೆ ಸ್ಟ್ರಾ ಅಂಟಿಸಿ, ಅದರೊಳಗೆ ಕಡ್ಡಿ ತೂರಿಸಿ, ಎರಡು ತುದಿಗೂ ಮುಚ್ಚಳ ಸಿಕ್ಕಿಸಿದರೆ ಗಾಲಿ ಸಿದ್ಧ. ಸ್ಟ್ರಾದೊಳಗೆ ಕಡ್ಡಿ ಸಲೀಸಾಗಿ ತಿರುಗಿದರಷ್ಟೇ ತೇರು ಮುಂದಕ್ಕೆ ಹೋಗುವುದು. ಒಂದು ಮುಚ್ಚಳದ ತೂತು ನಟ್ಟನಡುವೆ ಬಿದ್ದಿಲ್ಲ.

"ಅಜ್ಜಿ, ತೇರು ಕುಂಟ್ತಾ ಐತೆ!"

"ನಮ್ಮೂರ ತೇರೇನು ನೆಟ್ಟಗೆ ಹೋಗ್ತೈತೇನೋ? ತೂಗಾಡಿದ್ರೇನೇ ತೇರು."

ಗೋಪುರದ್ದು ಬೇರೆಯೇ ರಗಳೆ. ನಾಲ್ಕು ಕಡ್ಡಿ ನಿಲ್ಲಿಸಿ, ಮೇಲೆ ಅಡ್ಡಕಡ್ಡಿ ಕಟ್ಟಿದರೂ ಅದು ಪಕ್ಕಕ್ಕೆ ವಾಲುತ್ತದೆ. ಅಜ್ಜಿ ಒಂದೊಂದು ಮಗ್ಗುಲಿಗೂ ಮೂಲೆಯಿಂದ ಮೂಲೆಗೆ ಓರೆಯಾಗಿ ಇನ್ನೊಂದು ಕಡ್ಡಿ ಬಿಗಿಯುತ್ತಾಳೆ. ಗೋಪುರ ಅಲ್ಲಾಡದೆ ನಿಲ್ಲುತ್ತದೆ. ಚೌಕ ವಾಲುತ್ತದೆ, ತ್ರಿಕೋನ ಜಗ್ಗುವುದಿಲ್ಲ. ಕಾನ್ಪುರದ ಐಐಟಿಯಲ್ಲಿ ಓದಿ, ಕಸದಿಂದ ಆಟಿಕೆ ಮಾಡಿಸುವುದನ್ನೇ ಬದುಕಾಗಿಸಿಕೊಂಡ ಅರವಿಂದ ಗುಪ್ತಾ ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನ ಚೂರುಗಳಿಂದ ಮಕ್ಕಳಿಗೆ ತೋರಿಸಿಕೊಟ್ಟದ್ದೂ ಇದನ್ನೇ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅಜ್ಜಿ ಅವರ ಹೆಸರು ಕೇಳಿದವಳಲ್ಲ. ಆದರೆ ಚಪ್ಪರ ಹಾಕಿದ ಕೈಗೆ ಓರೆಗಳದ ಗುಣ ಗೊತ್ತು.

ಅಲಂಕಾರ ತಂಗಿಯ ಪಾಲು. ಬೆಂಡೆಕಾಯಿಯನ್ನು ಅಡ್ಡಕ್ಕೆ ಕೊಯ್ದು, ಅರಿಸಿನದ ನೀರಿಗೆ ಅದ್ದಿ ಒತ್ತಿದಲ್ಲೆಲ್ಲ ಹೂವು ಮೂಡುತ್ತದೆ. ಲಗ್ನಪತ್ರಿಕೆಯಿಂದ ಕತ್ತರಿಸಿದ ಗಣಪತಿ ಒಂದು ಮಗ್ಗುಲಿಗೆ ವಾಲಿಕೊಂಡೇ ತೇರೇರಿದ್ದಾನೆ. ಸರಿಮಾಡಲು ಬಂದ ಸೊಸೆಯನ್ನು ಅಜ್ಜಿ ತಡೆಯುತ್ತಾಳೆ: "ಬಿಡವ್ವ, ಅವಳು ಕೂರಿಸಿದಂಗೆ ಕೂತಿರ್ಲಿ."

ಹಳೆ ಸೀರೆಯ ಅಂಚೇ ತೇರೆಳೆಯುವ ಮಿಣಿ. ತೂಗಾಡುತ್ತ ತೇರು ಅಂಗಳಕ್ಕಿಳಿಯುತ್ತದೆ. ಮಕ್ಕಳು ಉತ್ತತ್ತಿಯ ಬದಲು ಮಂಡಕ್ಕಿ ತೂರುತ್ತಾರೆ. ಆರಿಸಿ ತಿನ್ನಲು ಕೋಳಿಗಳು ಹಿಂದೆಯೇ ಮೆರವಣಿಗೆ ಹೊರಡುತ್ತವೆ.

ಅಂಗಡಿಯ ಆಟಿಕೆ ಮುರಿದರೆ ಬೈಗುಳ. ಇದು ಮುರಿದರೆ ಇನ್ನೊಂದು ಡಬ್ಬ. ಕೆಟ್ಟೀತೆಂಬ ಭಯವಿಲ್ಲದ ಕಡೆಯೇ ಮಗುವಿನ ಕೈಗೆ ಧೈರ್ಯ ಬರುವುದು. ರದ್ದಿಯವನಿಗೆ ಹಾಕುವ ಮುಂಚೆ ಒಂದಿಷ್ಟು ರಟ್ಟು, ಬಟ್ಟೆಚೂರು ತೆಗೆದಿಡಿ. ಮನೆಯಲ್ಲಿ ಮೂರು ವರ್ಷದೊಳಗಿನ ಕೂಸಿದ್ದರೆ ಬಾಯಿಗೆ ಹೋಗುವಂಥ ಮುಚ್ಚಳ, ಗುಂಡಿಗಳನ್ನು ದೂರವಿಡಿ. ಬ್ಲೇಡು, ಮೊಳೆ ನಿಮ್ಮ ಕೈಯಲ್ಲಿರಲಿ. ಉಳಿದದ್ದನ್ನೆಲ್ಲ ಮಕ್ಕಳಿಗೆ ಬಿಟ್ಟುಬಿಡಿ.